ತಾಳಮದ್ದಳೆ: ಪ್ರೇರಣೆ ಮತ್ತು ಸಾಮೂಹಿಕ ಸೃಜನಶೀಲತೆ

ಸೃಜನಶೀಲತೆಯನ್ನು ವ್ಯಕ್ತಿಪ್ರತಿಭೆಯ ನೆಲೆಯಲ್ಲಿಯೇ ವಿವೇಚಿಸುವ ರೂಢಿ ಬಲವಾಗಿದೆ. ತಂಡವೊಂದು ಕೂಡಿ ಕಟ್ಟುವ ಕಲೆಗೆ ಈ ನೋಟ ಸಾಲದು. ಅಮೆರಿಕದ ಮನೋವಿಜ್ಞಾನಿ ತೆರೇಸಾ ಅಮಾಬಿಲೆ 1985ರಲ್ಲಿ ಪ್ರಕಟಿಸಿದ ಅಧ್ಯಯನವು 72 ಬರಹಗಾರರನ್ನು ಕುರಿತದ್ದು. ಹಣ, ಕೀರ್ತಿಗಳಂತಹ ಬಾಹ್ಯ ಕಾರಣಗಳನ್ನು ಆಲೋಚಿಸಿದ ಬಳಿಕ ಬರೆದವರ ಕವಿತೆಗಳು ಸೃಜನಶೀಲತೆಯಲ್ಲಿ ಹಿಂದುಳಿದವು. ಆದರೆ ಅಲ್ಲಿ ಬರೆದವರು ಒಬ್ಬೊಬ್ಬರೇ. ಆಂತರಿಕ ಆಸಕ್ತಿಯೊಡನೆ ಪರಹಿತದ ಪ್ರೇರಣೆಯೂ ಸೇರಿದಾಗ ಅನ್ಯರ ದೃಷ್ಟಿಕೋನ ಒಳಬಂದು, ಹೊಸತೂ ಉಪಯುಕ್ತವೂ ಆದ ವಿಚಾರ ಮೂಡುತ್ತದೆಂದು ಆಡಮ್ ಗ್ರಾಂಟ್ ಮತ್ತು ಜೇಮ್ಸ್ ಬೆರಿ 2011ರಲ್ಲಿ ತೋರಿಸಿದರು.

ಕರಾವಳಿ, ಮಲೆನಾಡುಗಳ ತಾಳಮದ್ದಳೆಯಲ್ಲಿ ಈ ಮಾತು ಇನ್ನಷ್ಟು ನಿಚ್ಚಳವಾಗುತ್ತದೆ. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ್ಯಗಳು ಪ್ರಸಂಗದಲ್ಲಿವೆ. ಅರ್ಥವಾದರೋ ಬಹುಪಾಲು ಆಶುಮಾತು. ವಾಲಿವಧೆಯ ಪ್ರಸಂಗವನ್ನೇ ನೋಡಬಹುದು. ಮರೆಯಿಂದ ಬಾಣ ಬಿಟ್ಟುದೇಕೆಂಬ ವಾಲಿಯ ಆಕ್ಷೇಪ ಎಷ್ಟು ತೀಕ್ಷ್ಣವೋ ರಾಮನ ಸಮರ್ಥನೆಗೆ ಅಷ್ಟು ಆಳ ದೊರೆಯುತ್ತದೆ. ಉತ್ತರಕ್ಕೆ ಎಡೆಗೊಡುವ ಪ್ರಶ್ನೆಯನ್ನು ಕೇಳುವ ವಾಲಿ ರಾಮನನ್ನೂ ಬೆಳೆಸುತ್ತಾನೆ. ಚಪ್ಪಾಳೆಯೊಂದೇ ಗುರಿಯಾದ ಅರ್ಥಧಾರಿ ಎದುರು ಪಾತ್ರದ ಬಾಯಿಕಟ್ಟಿ ಗೆಲ್ಲುತ್ತಾನೆ, ಪ್ರಸಂಗ ಸೋಲುತ್ತದೆ. ಇದು ವಾದಚಾತುರ್ಯವೇ ಹೊರತು ಸೃಷ್ಟಿಯಲ್ಲ.

ಹಾಗೆಂದು ಸಂಭಾವನೆಯೇ ದೋಷವೆನ್ನಲಾಗದು. ಸಾಮರ್ಥ್ಯವನ್ನು ಮನ್ನಿಸುವ ಪುರಸ್ಕಾರವು ಒಳಗಿನ ಆಸಕ್ತಿಗೆ ಪೋಷಕವಾಗಬಲ್ಲದೆಂದು ಅಮಾಬಿಲೆಯವರೇ 1996ರ ಪರಿಷ್ಕೃತ ಕೃತಿಯಲ್ಲಿ ಒಪ್ಪಿದ್ದಾರೆ. ಪಾಲ್ಗೊಂಡವರ ಪ್ರೇರಣೆಗಳು ಪರಸ್ಪರ ಎಳೆದಾಡುವಾಗ ಕೂಟದ ಹದ ಕಾಯುವ ಹೊಣೆ ಭಾಗವತರದು. ಮಾತು ಮಿತಿಮೀರಿದರೆ ಅವರು ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾರೆ.