ಪೂಜೆಗೆ ಬಾರದ ಮಗ

ಹೊಳೆನರಸೀಪುರದ ತಾಯಿಯವರಿಗೆ,

ಹಾಸನದ ಕಾಲೇಜಿಗೆ ಸೇರಿದ ಮೇಲೆ ಮಗನು ಭಾನುವಾರದ ಬಲಿಪೂಜೆಗೆ ಬಾರದೆ, ಸಂಜೆಯ ಜಪಮಾಲೆಯ ಹೊತ್ತಿನಲ್ಲಿ ಮೊಬೈಲು ಹಿಡಿದು ಕುಳಿತಿರುವನೆಂದೂ, ಇದರಿಂದ ಕುಪಿತರಾದ ತಂದೆಯವರು ಕಾಲೇಜಿನ ಶುಲ್ಕವನ್ನೇ ನಿಲ್ಲಿಸುವೆನೆಂದು ಗದರಿಸಿರುವರೆಂದೂ ಬರೆದಿದ್ದೀರಿ. ಶುಲ್ಕದ ಮಾತನ್ನು ಅವರು ಇಂದೇ ಹಿಂದೆಗೆದುಕೊಳ್ಳಲಿ. ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ, ಮಕ್ಕಳಿಗೆ ವಿಧೇಯತೆಯನ್ನು ಬೋಧಿಸಿದ ಬೆನ್ನಲ್ಲೇ, ಮಕ್ಕಳನ್ನು ಕೆರಳಿಸಬಾರದೆಂದು ತಂದೆಯರನ್ನೂ ಎಚ್ಚರಿಸಿರುವುದನ್ನು ನಾವು ಹಿರಿಯರು ಅನುಕೂಲಕ್ಕೆ ತಕ್ಕಂತೆ ಮರೆಯುತ್ತೇವೆ.

ಒಂದು ದಿನ ಅವನನ್ನು ಶೆಟ್ಟಿಹಳ್ಳಿಗೆ ಕರೆದೊಯ್ಯಿರಿ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಅಲ್ಲಿಯ ಜಪಮಾಲೆ ಮಾತೆಯ ದೇವಾಲಯವು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದ ತರುವಾಯ, ಮಳೆಗಾಲದಲ್ಲಿ ಮುಳುಗುತ್ತ ಬೇಸಗೆಯಲ್ಲಿ ಮೇಲೇಳುತ್ತ ಛಾವಣಿಯಿಲ್ಲದೆ ನಿಂತಿದೆ; ಅದನ್ನು ಬಿಟ್ಟು ಹೊರಟ ಭಕ್ತರಾದರೋ ಬೇರೆ ಊರುಗಳಲ್ಲಿ ಪ್ರಾರ್ಥನೆಯನ್ನು ಮುಂದುವರಿಸಿದರು. (ಫೋಟೋ ತೆಗೆಯುವುದಕ್ಕಾದರೂ ಮಗನು ಬಂದಾನು; ಬರಲಿ.) ಅಲ್ಲಿ ಉಪದೇಶ ಬೇಡ. ದೇವರ ವಿಷಯದಲ್ಲಿ ಅವನಿಗಿರುವ ಸಂಶಯವೇನೆಂದು ಕೇಳಿ, ಉತ್ತರ ತಿಳಿಯದಿದ್ದಲ್ಲಿ ತಿಳಿಯದೆಂದೇ ಒಪ್ಪಿರಿ.

ಇನ್ನು ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಮೊಬೈಲುಗಳನ್ನು ಬದಿಗಿಡುವ ನಿಯಮವು ಅವಶ್ಯವಾಗಿ ಇರಲಿ. ಆದರೆ ಮೊದಲು ಇಡತಕ್ಕವರು ತಂದೆಯವರು.