ಭೇದಿಗೆ ಒ.ಆರ್.ಎಸ್.: ಇದು ಕೆಲಸ ಮಾಡುತ್ತದೆ ಅಂತ ಗೊತ್ತಾದದ್ದು ಹೇಗೆ?



ಮಗುವಿಗೆ ನೀರಿನಂಥ ಭೇದಿ ಶುರುವಾದ ಕೂಡಲೇ ಹತ್ತು ಜನ ಹತ್ತು ಮಾತು ಹೇಳುತ್ತಾರೆ. ಒಬ್ಬರು “ಹಾಲು, ಅನ್ನ ಎಲ್ಲ ನಿಲ್ಲಿಸು, ಹೊಟ್ಟೆ ಖಾಲಿ ಆದ್ರೆ ತಾನಾಗೇ ನಿಲ್ಲುತ್ತೆ” ಅಂತಾರೆ. ಇನ್ನೊಬ್ಬರು ದೃಷ್ಟಿಯಾಗಿದೆ ಅಂತಾರೆ. ಅಂಗಡಿಯಿಂದ ಮಾತ್ರೆ ತಂದುಕೊಡುವವರೂ ಇದ್ದಾರೆ, ಸಾಲ ಮಾಡಿಯಾದರೂ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬನ್ನಿ ಎನ್ನುವವರೂ ಇದ್ದಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. “ನಮ್ಮ ಮಗೂಗೆ ಹಾಗೇ ಮಾಡಿದ್ವಿ, ಮೂರು ದಿನದಲ್ಲಿ ವಾಸಿಯಾಯ್ತು” ಎಂದು ಪ್ರತಿಯೊಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ.

ತೊಡಕು ಇರುವುದು ಇಲ್ಲಿಯೇ. ಹೆಚ್ಚಿನ ಮಕ್ಕಳಲ್ಲಿ ನೀರಿನಂಥ ಭೇದಿ ಕೆಲವು ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ಆದ್ದರಿಂದ ಏನು ಮಾಡಿದರೂ ಅದರಿಂದಲೇ ವಾಸಿಯಾದಂತೆ ಕಾಣುತ್ತದೆ. ತಾಯತ ಕಟ್ಟಿದರೂ ನಿಲ್ಲುತ್ತದೆ, ಕಟ್ಟದಿದ್ದರೂ ನಿಲ್ಲುತ್ತದೆ. ಮಗುವಿನ ಪ್ರಾಣಕ್ಕೆ ಸಂಚಕಾರ ಬರುವುದು ಹೆಚ್ಚಾಗಿ ಭೇದಿ ನಿಲ್ಲುವುದರೊಳಗೆ ಮೈಯಲ್ಲಿನ ನೀರು, ಉಪ್ಪು ಹೊರಟುಹೋಗುವುದರಿಂದ. ಹಾಗಾದರೆ ನಿಜವಾಗಿ ಜೀವ ಉಳಿಸುವ ಚಿಕಿತ್ಸೆ ಯಾವುದು? ಅದನ್ನು ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ಎಣಿಸದೆ ಹೇಳುವಂತಿಲ್ಲ. ಹೀಗೆ ಪರೀಕ್ಷಿಸಿ ಸಿಕ್ಕ ತಿಳುವಳಿಕೆಯ ಮೇಲೆ ಚಿಕಿತ್ಸೆ ನಡೆಸುವುದಕ್ಕೆ ‘ಪುರಾವೆ ಆಧಾರಿತ ಚಿಕಿತ್ಸೆ’ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಅಷ್ಟೇ.

ನಮಗೆಲ್ಲ ಪರಿಚಯವಿರುವ ಒ.ಆರ್.ಎಸ್. ಪೊಟ್ಟಣದ ಕಥೆಯನ್ನೇ ನೋಡೋಣ. 1960ರ ದಶಕದಲ್ಲಿ ಕಾಲರಾಕ್ಕೆ ಒಪ್ಪಿತ ಚಿಕಿತ್ಸೆ ಎಂದರೆ ರಕ್ತನಾಳದ ಮೂಲಕ ಸಲೈನ್ ಕೊಡುವುದು. ಆದರೆ ಕರುಳಿನ ಒಂದು ಗುಣ ವಿಜ್ಞಾನಿಗಳಿಗೆ ತಿಳಿದಿತ್ತು: ಉಪ್ಪಿನ ಜೊತೆ ಸಕ್ಕರೆ ಇದ್ದರೆ ಕರುಳು ಎರಡನ್ನೂ ಒಟ್ಟಿಗೆ ಒಳಗೆ ಎಳೆದುಕೊಳ್ಳುತ್ತದೆ, ಹಿಂದೆಯೇ ನೀರೂ ಹೋಗುತ್ತದೆ. ಕಾಲರಾ ಬಂದಾಗಲೂ ಈ ಬಾಗಿಲು ಮುಚ್ಚುವುದಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನ್ಯಾಲಿನ್, ರಿಚರ್ಡ್ ಕ್ಯಾಶ್ ಮತ್ತು ಸಂಗಡಿಗರು ಕಾಲರಾ ರೋಗಿಗಳಿಗೆ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಕೊಟ್ಟು, ಸಲೈನ್ ಮಾತ್ರ ಪಡೆದವರೊಂದಿಗೆ ಹೋಲಿಸಿ ನೋಡಿದರು. ಈ ನೀರು ಪಡೆದವರಿಗೆ ಬೇಕಾದ ಸಲೈನ್ ಸುಮಾರು 80 ಶೇಕಡಾ ಕಡಿಮೆಯಾಯಿತು.

1971ರಲ್ಲಿ ಬಾಂಗ್ಲಾದೇಶದ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ಗೆ ನಿರಾಶ್ರಿತರು ಲಕ್ಷಗಟ್ಟಲೆ ಬಂದರು. ಶಿಬಿರಗಳಲ್ಲಿ ಕಾಲರಾ ಎದ್ದಿತು, ಸಲೈನ್ ಸಾಲಲಿಲ್ಲ. ಡಾ. ದಿಲೀಪ್ ಮಹಲನಾಬಿಸ್ ಅವರ ತಂಡ ಗ್ಲೂಕೋಸ್, ಅಡಿಗೆ ಉಪ್ಪು, ಅಡಿಗೆ ಸೋಡ ತೂಗಿ ಪೊಟ್ಟಣ ಕಟ್ಟಿ, ನೀರಿನಲ್ಲಿ ಕಲಸಿ ಡ್ರಮ್ಮುಗಳಲ್ಲಿ ಇಟ್ಟಿತು. ಕುಡಿಸುವ ಕೆಲಸ ಮಾಡಿದವರು ರೋಗಿಗಳ ಮನೆಯವರು. ಮೊದಲು ನೂರರಲ್ಲಿ ಸುಮಾರು 30 ರೋಗಿಗಳು ಸಾಯುತ್ತಿದ್ದ ಕಡೆ ಆ ಸಂಖ್ಯೆ 4ಕ್ಕಿಂತಲೂ ಕೆಳಗಿಳಿಯಿತು. (ಡಾ. ಮಹಲನಾಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ.)

ಇಷ್ಟಾದರೂ ತಜ್ಞರೆಲ್ಲ ಕೂಡಲೇ ಒಪ್ಪಲಿಲ್ಲ. ಅದನ್ನು ಬರೀ ಹಟ ಅನ್ನಲಾಗದು. ‘ಮೊದಲು’ ಮತ್ತು ‘ಆಮೇಲೆ’ ಹೋಲಿಸುವುದು ಅಷ್ಟು ಗಟ್ಟಿ ಪುರಾವೆಯಲ್ಲ. ಮೊದಲು ಬಂದ ರೋಗಿಗಳ ಸ್ಥಿತಿಯೇ ಹೆಚ್ಚು ಕೆಟ್ಟಿರಬಹುದು. ಅದಕ್ಕೇ ಇಂದು ಒಳ್ಳೆಯ ಪರೀಕ್ಷೆಗಳಲ್ಲಿ ಯಾವ ರೋಗಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. ಆಗ ವೈದ್ಯರ ಇಷ್ಟ, ರೋಗಿಯ ಹಣಬಲ ಯಾವುದೂ ಲೆಕ್ಕವನ್ನು ಕೆಡಿಸುವುದಿಲ್ಲ.

ಪುರಾವೆ ಬದಲಾದರೆ ಚಿಕಿತ್ಸೆಯೂ ಬದಲಾಗಬೇಕು. ಉಪ್ಪು, ಗ್ಲೂಕೋಸ್ ಕಡಿಮೆ ಮಾಡಿದ ಪೊಟ್ಟಣವನ್ನು ಹಳೆಯದರೊಂದಿಗೆ ಹೋಲಿಸಿದಾಗ ಸಲೈನ್ ಹಾಕಬೇಕಾಗಿ ಬಂದ ಮಕ್ಕಳ ಸಂಖ್ಯೆ ಸುಮಾರು ಮೂರರಲ್ಲಿ ಒಂದು ಪಾಲು ತಗ್ಗಿತು, ವಾಂತಿಯೂ ಕಡಿಮೆಯಾಯಿತು. ಆದ್ದರಿಂದ 2002ರಲ್ಲಿ ಹೊಸ ಪೊಟ್ಟಣ ಬಂತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜಿಂಕ್ ಮಾತ್ರೆಯನ್ನೂ ಸೇರಿಸಿದವು. ಮಾತ್ರೆ ತಿಂದ ಕೆಲವು ಮಕ್ಕಳು ವಾಂತಿ ಮಾಡುತ್ತಿದ್ದವು. ಪ್ರಮಾಣ ಕಡಿಮೆ ಮಾಡಬಹುದೇ ಎಂದು ಭಾರತ ಮತ್ತು ಟಾಂಜಾನಿಯಾದ 4,500 ಮಕ್ಕಳಲ್ಲಿ ಪರೀಕ್ಷಿಸಿದರು. ಕಡಿಮೆ ಪ್ರಮಾಣವೂ ಅಷ್ಟೇ ಕೆಲಸ ಮಾಡಿತು, ವಾಂತಿಯೂ ತಗ್ಗಿತು ಎಂದು 2020ರಲ್ಲಿ ಪ್ರಕಟವಾಯಿತು. ಆದ್ದರಿಂದ ಹೋದ ಸಲದ ಲೆಕ್ಕದಲ್ಲೇ ಕೊಡಬೇಡಿ. ಎಷ್ಟು, ಎಷ್ಟು ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಹಾಗಾದರೆ ವೈದ್ಯರ ಅನುಭವಕ್ಕೆ, ತಾಯಿಯ ಮಾತಿಗೆ ಬೆಲೆ ಇಲ್ಲವೇ? ಇದೆ. 1990ರ ದಶಕದಲ್ಲಿ ಈ ವಿಚಾರವನ್ನು ಬೆಳೆಸಿದ ಡೇವಿಡ್ ಸ್ಯಾಕೆಟ್ ಮುಂತಾದವರೇ, ಸಂಶೋಧನೆಯ ಜೊತೆಗೆ ವೈದ್ಯರ ಅನುಭವವೂ ರೋಗಿಯ ಇಷ್ಟ-ಕಷ್ಟವೂ ಸೇರಬೇಕೆಂದು ಬರೆದರು. ಪುರಾವೆಯು ಸಾವಿರ ಮಕ್ಕಳ ವಿಷಯ ಹೇಳುತ್ತದೆ. ಈ ಮಗು ಬೆಳಗಿನಿಂದ ಮೂತ್ರ ಮಾಡಿಲ್ಲ ಅನ್ನೋದು ತಾಯಿಗೇ ಗೊತ್ತು.

ಇನ್ನು ಮನೆಯಲ್ಲಿ ಮಾಡಬೇಕಾದದ್ದು. ಒಂದು ಲೀಟರಿನ ಪೊಟ್ಟಣವಾದರೆ ಇಡೀ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೆ ಹಾಕಿ, 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ. ಅಂದಾಜಿನಲ್ಲಿ ಅರ್ಧ ಪೊಟ್ಟಣ ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಅಪಾಯ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿ.ಲೀ., ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ. ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಮತ್ತೆ ಕೊಡಿ. ಎದೆಹಾಲು, ಊಟ ನಿಲ್ಲಿಸಬೇಡಿ. ಬರೀ ನೀರಿನಂಥ ಭೇದಿಗೆ ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಕಿಲ್ಲ. ಕಾಲರಾ ಅಥವಾ ರಕ್ತಭೇದಿ ಇದ್ದರೆ ವೈದ್ಯರು ನಿರ್ಧರಿಸುತ್ತಾರೆ.

ಮಗು ಮಂಕಾಗಿ ಮಲಗಿದರೆ, ಕಣ್ಣು ಗುಳಿಬಿದ್ದರೆ, ಕುಡಿಯಲಾಗದಿದ್ದರೆ, ಚಿವುಟಿದ ಚರ್ಮ ನಿಧಾನವಾಗಿ ಹಿಂದಕ್ಕೆ ಹೋದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಆಗ ಗ್ಲೂಕೋಸ್ ಬಾಟಲಿಯೇ ಬೇಕಾಗಬಹುದು. ದಾರಿಯಲ್ಲೂ ಕುಡಿಯುವಷ್ಟು ಕುಡಿಸುತ್ತಿರಿ.

ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯಲ್ಲಿ ನೀರು ಅಳೆಯಲು ಬಳಸುವ ಚೊಂಬು ಅಥವಾ ಬಾಟಲಿ ತನ್ನಿ. ಅದರಲ್ಲಿ ನಿಜಕ್ಕೂ ಒಂದು ಲೀಟರ್ ಹಿಡಿಯುತ್ತದೆಯೇ ಅಂತ ಎಲ್ಲರೂ ಸೇರಿ ಅಳೆದು ನೋಡೋಣ.