ಹಿಮದ ಮೇಲೆ ಮೊದಲ ಹತ್ತು ಮೀಟರ್

ಬೌದ್ಧಿಕ ಅಂಗವೈಕಲ್ಯವುಳ್ಳವರಿಗೆ ಸ್ಕೀಯಿಂಗ್ ಕಲಿಸುವವರು ಇಳಿಜಾರಿನ ಆತುರ ಬಿಡಬೇಕು. ಸ್ಪೆಷಲ್ ಒಲಿಂಪಿಕ್ಸ್‌ನ ಆಲ್ಪೈನ್ ವಿಭಾಗದಲ್ಲಿ ಸ್ಲಾಲಂ, ಜೈಂಟ್ ಸ್ಲಾಲಂ ಇರುವಂತೆಯೇ ಹತ್ತು ಮೀಟರ್ ನಡಿಗೆಯೂ ಇದೆ, ಅದಕ್ಕೂ ಪದಕವಿದೆ. 2025ರ ಮಾರ್ಚ್‌ನಲ್ಲಿ ಇಟಲಿಯ ಟುರಿನ್‌ನಲ್ಲಿ ನಡೆದ ಸ್ಪೆಷಲ್ ಒಲಿಂಪಿಕ್ಸ್ ಚಳಿಗಾಲದ ವಿಶ್ವ ಕ್ರೀಡಾಕೂಟದಲ್ಲಿ ಭಾರತ ಗೆದ್ದ 33 ಪದಕಗಳಲ್ಲಿ ಆಲ್ಪೈನ್ ಸ್ಕೀಯಿಂಗ್‌ನ ಪಾಲೂ ಇತ್ತು.

ಹಂತ 1: ವೈದ್ಯರ ಒಪ್ಪಿಗೆ
ಡೌನ್ ಸಿಂಡ್ರೋಮ್ ಇರುವ ಕೆಲವರಿಗೆ ಕತ್ತಿನ ಮೇಲ್ಭಾಗದ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲವಿರುತ್ತದೆ. ಸ್ಕೀಯಿಂಗ್ ಬೀಳುವ ಆಟ. ಪರೀಕ್ಷೆ ಮಾಡಿಸದೆ ಮುಂದೆ ಹೋಗಬೇಡಿ. ಫಿಟ್ಸ್ ಬರುವುದಿದ್ದರೆ ಕೋಚ್‌ಗೆ ಮೊದಲೇ ತಿಳಿಸಿ.

ಹಂತ 2: ಬೂಟು
ಮನೆಯೊಳಗೇ ಹಾಕಿಸಿ ಅಭ್ಯಾಸ ಮಾಡಿಸಿ. ಒಂದೇ ಜೊತೆ ತೆಳು ಸಾಕ್ಸ್ ಸಾಕು. ಪ್ಯಾಂಟಿನ ಅಂಚು ಬೂಟಿನೊಳಗೆ ಸಿಕ್ಕಿಕೊಳ್ಳಬಾರದು. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ, ಆಮೇಲೆ ಬಕಲ್ ಬಿಗಿಯಿರಿ. ನೋವಾದರೂ ಹೇಳಲಾಗದವರಿದ್ದಾರೆ. ಹಾಗಾಗಿ ಕಾಲು ಗಂಟೆಯ ನಂತರ ಬಿಚ್ಚಿ, ಪಾದದಲ್ಲಿ ಕೆಂಪು ಗುರುತು ಎಲ್ಲಿದೆ ನೋಡಿ. ಕಾಲು ನೊಂದ ದಿನ ಯಾವ ಪಾಠವೂ ಹತ್ತುವುದಿಲ್ಲ. ಸ್ಕೀ ಗದ್ದದಷ್ಟು ಎತ್ತರವಿದ್ದರೆ ಸಾಕು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಹೊಂದಿಸುವುದು ತಂತ್ರಜ್ಞರ ಕೆಲಸ. ಹೆಲ್ಮೆಟ್ ಕಡ್ಡಾಯ.

ಹಂತ 3: ಸಮತಟ್ಟಿನಲ್ಲಿ ನಡಿಗೆ
ಮೊದಲು ಒಂದೇ ಸ್ಕೀ, ಆಮೇಲೆ ಎರಡು. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಹೇಳಿದ್ದನ್ನು ಮಾಡಿ ತೋರಿಸಿ, ಉತ್ತರಕ್ಕೆ ಕಾಯಿರಿ. ನಿನ್ನೆ ಬಳಸಿದ ಪದವನ್ನೇ ಇವತ್ತೂ ಬಳಸಿ. ಇಲ್ಲಿ ಒಂದು ವಾರ ಹಿಡಿದರೂ ಹಿಡಿಯಲಿ.

ಹಂತ 4: ಬಿದ್ದು ಏಳುವುದು
ಮುಂದಕ್ಕಲ್ಲ, ಪಕ್ಕಕ್ಕೆ ಬೀಳಿಸಿ ಅಭ್ಯಾಸ ಮಾಡಿಸಿ. ಏಳುವಾಗ ಸ್ಕೀ ಇಳಿಜಾರಿಗೆ ಅಡ್ಡವಾಗಿರಲಿ. ಇಲ್ಲದಿದ್ದರೆ ಎದ್ದೊಡನೆ ಜಾರಿಹೋಗುತ್ತಾರೆ. ಎಬ್ಬಿಸಲು ತಕ್ಷಣ ಕೈ ಚಾಚಬೇಡಿ. ತಾನಾಗಿ ಎದ್ದವರಿಗೆ ಬೀಳುವ ಭಯ ಅರ್ಧ ಕಳೆದಂತೆ.

ಹಂತ 5: ಜಾರುವುದು, ನಿಲ್ಲುವುದು
ಕೊನೆಗೆ ತಾನಾಗಿ ಸಮತಟ್ಟಾಗುವ ಸಣ್ಣ ಇಳಿಜಾರು ಆರಿಸಿಕೊಳ್ಳಿ. ನಿಲ್ಲಲು ಸ್ಕೀಗಳ ಮುಂತುದಿ ಹತ್ತಿರ, ಹಿಂತುದಿ ದೂರ, ಪಿಜ್ಜಾ ತುಂಡಿನಂತೆ. ಕಾಲು ಅಗಲಿಸಿದಷ್ಟೂ ವೇಗ ತಗ್ಗುತ್ತದೆ. ಮುಂತುದಿಗಳು ಬೇರೆಯಾಗುತ್ತಿದ್ದರೆ ಅವನ್ನು ಸೇರಿಸಿಡುವ ರಬ್ಬರ್ ಕ್ಲಿಪ್ ಸಿಗುತ್ತದೆ.

ಹಂತ 6: ತಿರುವು
ಬಲಗಾಲಿಗೆ ಭಾರ ಹಾಕಿದರೆ ಸ್ಕೀ ಎಡಕ್ಕೆ ತಿರುಗುತ್ತದೆ. ಎಡ ಬಲ ಗೊಂದಲವಾದರೆ ಎರಡು ಬಣ್ಣದ ಗ್ಲೌಸ್ ಹಾಕಿಸಿ, ಬಣ್ಣ ಹೇಳಿ.

ಹಂತ 7: ಸ್ಪರ್ಧೆ
ಮೊದಲ ಸುತ್ತಿನ ಸಮಯ, ವಯಸ್ಸು, ಲಿಂಗ ನೋಡಿ ಸಮಬಲರನ್ನು ಒಂದೇ ಗುಂಪಿಗೆ ಹಾಕುತ್ತಾರೆ. ಆದ್ದರಿಂದ ಮೊದಲ ಸುತ್ತಿನಲ್ಲೂ ಪೂರ್ತಿ ಶಕ್ತಿ ಹಾಕಬೇಕು ಎಂಬುದನ್ನು ಹಿಂದಿನ ದಿನವೇ ಅವರಿಗೆ ಅರ್ಥವಾಗುವಂತೆ ಹೇಳಿಕೊಡಿ.